ಹೊಲಿದದ್ದನ್ನೇ ಬಿಚ್ಚಿ ಬಿಚ್ಚಿ ಸಾಕಾಗಿದೆ. ಈ ‘ಚೂರೂ ತಪ್ಪಿರಬಾರದು’ ಅನ್ನೋ ಹಟ ಬಿಡೋದು ಹೇಗೆ?

ನಿಟ್ಟುವಳ್ಳಿ ಹೊಲಿಗೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಾನು ನಿಟ್ಟುವಳ್ಳಿಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಒಂಬತ್ತು ವರ್ಷ ಆಯಿತು. ಕೈ ಚೆನ್ನಾಗಿದೆ ಅಂತ ಜನ ಹುಡುಕಿಕೊಂಡು ಬರುತ್ತಾರೆ, ಕೆಲಸಕ್ಕೆ ಕೊರತೆ ಇಲ್ಲ. ಆದರೆ ಎರಡು ವಾರದಿಂದ ಮಷಿನ್ ಮೇಲೆ ಹೊದಿಸಿದ ಬಟ್ಟೆಯನ್ನು ನಾನು ತೆಗೆದೇ ಇಲ್ಲ. ಕಪಾಟಿನಲ್ಲಿ 11 ಬ್ಲೌಸ್ ಪೀಸ್ ಇವೆ. ಎಲ್ಲದಕ್ಕೂ ಚೀಟಿ ಸಿಕ್ಕಿಸಿದ್ದೇನೆ, ಎಲ್ಲದರ ತಾರೀಕೂ ದಾಟಿದೆ. ಫೋನ್ ರಿಂಗಾದರೆ ಎದೆ ಡವಡವ ಅನ್ನುತ್ತದೆ.

ನನ್ನ ತೊಂದರೆ ಹೊಲಿಯೋದರಲ್ಲಿ ಇಲ್ಲ, ಬಿಚ್ಚೋದರಲ್ಲಿ ಇದೆ. ಕುತ್ತಿಗೆ ಪೈಪಿಂಗ್ ಒಂದು ಕಡೆ ಕೂದಲೆಳೆಯಷ್ಟು ದಪ್ಪ ಕಂಡರೆ ಬಿಚ್ಚುತ್ತೇನೆ. ಹುಕ್ಕಿನ ಸಾಲು ಸ್ವಲ್ಪ ಓರೆ ಅನ್ನಿಸಿದರೆ ಬಿಚ್ಚುತ್ತೇನೆ. ರಾತ್ರಿ ಹನ್ನೊಂದಕ್ಕೆ ಮುಗಿಸಿ, ಇಸ್ತ್ರಿ ಮಾಡಿ ಮಡಚಿಟ್ಟಿದ್ದನ್ನು ಬೆಳಿಗ್ಗೆ ಎದ್ದು ಕಿಟಕಿ ಬೆಳಕಿಗೆ ಹಿಡಿದು ನೋಡಿ ಮತ್ತೆ ಬಿಚ್ಚುತ್ತೇನೆ. ಲೈನಿಂಗ್ ಬ್ಲೌಸಿಗೆ 350 ರೂಪಾಯಿ ತೆಗೆದುಕೊಳ್ಳುತ್ತೇನೆ. ಪಕ್ಕದ ಬೀದಿಯಲ್ಲಿ 500 ಇದೆ. ಜಾಸ್ತಿ ಕೇಳೋಕೆ ನನಗೆ ಬಾಯೇ ಬರೋದಿಲ್ಲ, ಯಾಕಂದ್ರೆ ಪ್ರತಿ ಬ್ಲೌಸಿನಲ್ಲೂ ನನಗೆ ಗೊತ್ತಿರುವ ಒಂದು ತಪ್ಪು ಇದ್ದೇ ಇರುತ್ತದೆ.

ಮೂರು ತಿಂಗಳ ಹಿಂದೆ ನಡೆದದ್ದು ಹೇಳುತ್ತೇನೆ. ನಮ್ಮ ಬೀದಿಯಲ್ಲೇ ಒಬ್ಬ ಹುಡುಗಿಯ ಸೀಮಂತ. ಹಸಿರು ರೇಷ್ಮೆ ಸೀರೆ, ಅದರದ್ದೇ ಬ್ಲೌಸ್. ಹಿಂದಿನ ದಿನವೇ ಮುಗಿದಿತ್ತು. ಎಡ ತೋಳಿನ ಹಿಂಭಾಗದಲ್ಲಿ, ಕಂಕುಳ ಹತ್ತಿರ, ಒಂದು ಸಣ್ಣ ನೆರಿಗೆ ಕೂತಿತ್ತು. ಬಿಚ್ಚಿದೆ. ಮತ್ತೆ ಹೊಲಿದೆ, ಈಗ ನೆರಿಗೆ ಮುಂದಕ್ಕೆ ಬಂತು. ಹೀಗೆ ನಾಲ್ಕು ಸಲ. ಬೆಳಿಗ್ಗೆ ಅವರ ಅತ್ತೆ ಬಂದು ಬಾಗಿಲಲ್ಲಿ ನಿಂತರು. ‘ಇನ್ನರ್ಧ ಗಂಟೆ ಅಮ್ಮಾ’ ಅಂದೆ. ಅವರ ತಮ್ಮ ಬೈಕಿನಲ್ಲಿ ಬಂದ, ‘ಆಯ್ತು ಆಯ್ತು’ ಅಂದೆ. ಹನ್ನೊಂದು ಗಂಟೆಗೆ ಆ ಹುಡುಗಿ ಬೇರೆ ಯಾವುದೋ ಹಳೆಯ ಬ್ಲೌಸ್ ಹಾಕಿಕೊಂಡು ಹಸೆಮಣೆಯಲ್ಲಿ ಕೂತಳು. ಮೈ ಹಸಿರು ಸೀರೆ, ತೋಳು ಮಾತ್ರ ಕಂದು ಬಣ್ಣ. ಫೋಟೋದಲ್ಲೆಲ್ಲಾ ಹಾಗೇ ಬಂದಿದೆ.

ಸಂಜೆ ಕೊಡೋಕೆ ಹೋದೆ. ಬೈಯ್ಯುತ್ತಾರೆ ಅಂದುಕೊಂಡಿದ್ದೆ. ಅವಳು ಬ್ಲೌಸನ್ನು ತಿರುಗಿಸಿ ತಿರುಗಿಸಿ ನೋಡಿ, ‘ಇದರಲ್ಲಿ ಏನಾಗಿತ್ತು ಅಕ್ಕಾ? ಚೆನ್ನಾಗೇ ಇದೆಯಲ್ಲಾ’ ಅಂದಳು. ದುಡ್ಡೂ ಕೊಟ್ಟಳು. ಆ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ನಾನು ಯಾರಿಗೋಸ್ಕರ ಅದನ್ನು ನಾಲ್ಕು ಸಲ ಬಿಚ್ಚಿದೆ?

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲವೇನೋ. ನನ್ನ ಮಗಳು ಎರಡನೇ ಕ್ಲಾಸು. ಕಳೆದ ವಾರ ಕಾಪಿ ಬರೆಯುತ್ತಾ ಕೂತಿದ್ದಳು. ‘ಳ’ ದುಂಡಗೆ ಬರಲಿಲ್ಲ ಅಂತ ರಬ್ಬರ್ ಹಾಕಿ ಉಜ್ಜಿದಳು, ಬರೆದಳು, ಉಜ್ಜಿದಳು. ಹಾಳೆ ತೂತು ಬಿತ್ತು. ಆಮೇಲೆ ಆ ಹಾಳೆಯನ್ನೇ ಹರಿದು ಮೊದಲ ಸಾಲಿನಿಂದ ಶುರು ಮಾಡಿದಳು. ತುಟಿ ಕಚ್ಚಿಕೊಂಡಿದ್ದಳು, ಥೇಟ್ ನಾನು ಮಷಿನ್ ಮುಂದೆ ಕೂತ ಹಾಗೆ. ನಾನು ಅವಳಿಗೆ ಯಾವತ್ತೂ ಬೈದಿಲ್ಲ, ಹೊಡೆದಿಲ್ಲ. ನೋಡಿ ಕಲಿತಿದ್ದಾಳೆ.

ಮನೆಯವರು ‘ತಲೆ ಕೆಡಿಸಿಕೋಬೇಡ, ಬಿಡು’ ಅನ್ನುತ್ತಾರೆ. ಬಿಡೋದು ಹೇಗೆ ಅಂತ ಯಾರೂ ಹೇಳೋದಿಲ್ಲ. ಅದನ್ನೇ ಕೇಳುತ್ತಿದ್ದೇನೆ.

---

ವಿದ್ಯಾನಗರದ ಅಮ್ಮ (ದಾವಣಗೆರೆ)

ನಿಮ್ಮ ಸಂಕಟ ಅರ್ಥ ಆಗುತ್ತದೆ ತಂಗೀ. ಆದರೂ ಗ್ರಾಹಕಿಯಾಗಿ ಒಂದು ಮಾತು ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ. ‘ಎಲ್ಲಾ ಸರಿ ಇರಬೇಕಂತಿಲ್ಲ, ಹೇಗಿದೆಯೋ ಹಾಗೆ ಒಪ್ಪಿಕೊಳ್ಳಿ’ ಅನ್ನೋ ಮಾತು ಈಗ ಎಲ್ಲಾ ಕಡೆ ಕೇಳುತ್ತಿದೆ. ಅದನ್ನು ಕೇಳಿದರೆ ನನಗೆ ಭಯ ಆಗುತ್ತದೆ. ಮಗಳ ಮದುವೆಗೆ ಒಬ್ಬರ ಹತ್ತಿರ 7 ಬ್ಲೌಸ್ ಕೊಟ್ಟಿದ್ದೆ. ಮೂರರಲ್ಲಿ ಕಂಕುಳು ಹಿಡಿಯುತ್ತಿತ್ತು. ಧಾರೆಗೆ ಇನ್ನೇನು ಕರೀಬೇಕು ಅನ್ನುವಾಗ ಒಂದರ ಪಕ್ಕದ ಹೊಲಿಗೆ ಬಿಟ್ಟುಕೊಂಡಿತು. ನಮ್ಮ ಅಕ್ಕ ಸೂಜಿ ದಾರ ಹಿಡಿದು ಮಗಳ ಮೈಮೇಲೇ ಹೊಲಿದರು, ಹೊರಗೆ ವಾಲಗ ಊದುತ್ತಾ ಇತ್ತು. ಆಮೇಲೆ ಹೋಗಿ ಕೇಳಿದರೆ ‘ಸ್ವಲ್ಪ ಹೆಚ್ಚು ಕಮ್ಮಿ ಆಗುತ್ತೆ ಕಣಮ್ಮಾ’ ಅಂದರು.

ನಿಮ್ಮ ಹಾಗೆ ಕಣ್ಣಿಟ್ಟು ಮಾಡುವವರು ಸಿಗೋದೇ ಕಷ್ಟ. ಆ ಕಣ್ಣನ್ನು ಮಾತ್ರ ಬಿಟ್ಟುಕೊಡಬೇಡಿ.

---

ದುರ್ಗದ ಟೈಲರ್ (ಚಿತ್ರದುರ್ಗ)

ಮೇಲೆ ಬರೆದ ಅಮ್ಮನವರ ಮಾತು ನ್ಯಾಯವಾದದ್ದು. ಹೊಲಿಗೆ ಬಿಡೋದು, ಕಂಕುಳು ಹಿಡಿಯೋದು, ಇವು ಬೇಜವಾಬ್ದಾರಿ. ಅದಕ್ಕೂ ನಿಮ್ಮ ತೊಂದರೆಗೂ ಸಂಬಂಧ ಇಲ್ಲ ತಾಯಿ.

ನಾನು ಲೇಡೀಸ್ ಟೈಲರ್, 41 ವರ್ಷದಿಂದ ಇದೇ ಕೆಲಸ. ಲಕ್ಷ್ಮೀ ಬಜಾರ್ ಹತ್ತಿರ ನಮ್ಮ ಸೋದರಮಾವನ ಅಂಗಡಿಯಲ್ಲಿ ಕಾಜಾ ಮಾಡುತ್ತಾ ಕಲಿತವನು. ಹದಿನೆಂಟು ಹತ್ತೊಂಬತ್ತು ವಯಸ್ಸಿನಲ್ಲಿ ನನಗೂ ಈ ಬಿಚ್ಚುವ ಚಟ ಇತ್ತು. ಮಾವ ಏನೂ ಬೈಯ್ಯುತ್ತಿರಲಿಲ್ಲ. ಬ್ಲೌಸನ್ನು ಗೋಡೆಯ ಮೊಳೆಗೆ ನೇತು ಹಾಕಿ, ನನ್ನ ಭುಜ ಹಿಡಿದು ಒಂದು ಮಾರು ಹಿಂದಕ್ಕೆ ಎಳೆದು ನಿಲ್ಲಿಸುತ್ತಿದ್ದರು. ‘ಈಗ ಹೇಳು, ಎಲ್ಲಿದೆ ತಪ್ಪು?’ ಕಂಡರೆ ಬಿಚ್ಚಬೇಕು. ಕಾಣದಿದ್ದರೆ ಇಸ್ತ್ರಿ ಪೆಟ್ಟಿಗೆ ತಗೋಬೇಕು. ಇಸ್ತ್ರಿ ಅರ್ಧ ಹೊಲಿಗೆ ಅನ್ನೋರು ಅವರು.

ನನ್ನ ಲೆಕ್ಕ ಇಷ್ಟೇ. ಮೈಗೆ ಹಿಡಿಯುತ್ತಾ? ಹೊಲಿಗೆ ಬಿಡುತ್ತಾ? ಒಂದು ಮಾರು ದೂರದಿಂದ ಎದ್ದು ಕಾಣುತ್ತಾ? ಇದರಲ್ಲಿ ಒಂದಕ್ಕೆ ಹೌದು ಅಂತ ಬಂದರೆ ಮದುವೆ ಮನೆಯವರು ಬಾಗಿಲಲ್ಲಿ ನಿಂತಿದ್ದರೂ ಬಿಚ್ಚಿ. ಮೂರಕ್ಕೂ ಇಲ್ಲ ಅಂದರೆ ನಿಮ್ಮ ಕೈಯಿಂದ ಅದನ್ನು ಆಚೆ ಕಳಿಸಿ.

ಇನ್ನೊಂದು ವಿಷಯ ಯಾರೂ ಹೇಳಿಕೊಡೋದಿಲ್ಲ. ಬಿಚ್ಚೋದು ಪುಕ್ಕಟೆ ಕೆಲಸ ಅಲ್ಲ. ಕಾಟನ್ ಆದರೆ ನೀರು ಬಿದ್ದ ಮೇಲೆ ಸೂಜಿ ತೂತು ಬಹಳ ಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ರೇಷ್ಮೆ ಹಾಗಲ್ಲ. ರೇಷ್ಮೆಯಲ್ಲಿ ಬಿದ್ದ ತೂತು ಉಳಿದುಬಿಡುತ್ತದೆ. ನೀವು ಆ ಹಸಿರು ರೇಷ್ಮೆಯ ತೋಳನ್ನು ನಾಲ್ಕು ಸಲ ಬಿಚ್ಚಿದ್ದೀರಿ. ಅಲ್ಲಿ ಬಟ್ಟೆ ಸೊರಗಿರುತ್ತದೆ, ಎಳೆದರೆ ಜಾರುತ್ತದೆ. ಮೊದಲು ಇದ್ದ ನೆರಿಗೆಗಿಂತ ಅದು ದೊಡ್ಡ ತಪ್ಪು. ಮನಸ್ಸಿಗೆ ನೋವಾಗಲಿ ಅಂತ ಹೇಳುತ್ತಿಲ್ಲ, ನಾನೂ ಇಂಥವನ್ನು ಕೆಡಿಸಿದ್ದೇನೆ.

ಆಮೇಲೆ ಆ ನೆರಿಗೆ ಹಿಂದಿನಿಂದ ಮುಂದಕ್ಕೆ ಹೋಯಿತು ಅಂದಿರಲ್ಲ, ಅದು ನಿಮ್ಮ ಹೊಲಿಗೆಯ ತಪ್ಪೇ ಅಲ್ಲ. ತೋಳಿನ ತಲೆಭಾಗದ ಸುತ್ತಳತೆ ಕಂಕುಳಿನ ಸುತ್ತಳತೆಗಿಂತ ಸ್ವಲ್ಪ ಜಾಸ್ತಿ ಇದೆ. ಆ ಹೆಚ್ಚುವರಿ ಬಟ್ಟೆ ಎಲ್ಲಾದರೂ ಕೂರಲೇಬೇಕು. ಎಷ್ಟು ಸಲ ಬಿಚ್ಚಿದರೂ ಜಾಗ ಬದಲಾಗುತ್ತದೆ, ಹೋಗೋದಿಲ್ಲ. ಅದು ಕತ್ತರಿಯಲ್ಲಿ ಸರಿ ಮಾಡುವಂಥದ್ದು, ಮುಂದಿನ ಬ್ಲೌಸಿನಲ್ಲಿ.

ಕೊನೆಯದಾಗಿ, ನಾವು ಪಕ್ಕದಲ್ಲಿ ಒಳಗೆ ಒಂದು ಇಂಚು ಮಾರ್ಜಿನ್ ಯಾಕೆ ಬಿಡುತ್ತೇವೆ? ಅಳತೆ ನಿಲ್ಲೋದಿಲ್ಲ ಅಂತ ಗೊತ್ತಿದ್ದೇ ಬಿಡುತ್ತೇವೆ. ಲೈನಿಂಗನ್ನು ಕತ್ತರಿಸೋ ಮುಂಚೆ ನೀರಲ್ಲಿ ನೆನೆಸಿದರೂ ಒಂದಿಷ್ಟು ಎಳೆದುಕೊಳ್ಳುತ್ತದೆ. ಮೈ ದಪ್ಪ ಆಗುತ್ತದೆ, ಸಣ್ಣ ಆಗುತ್ತದೆ. ಎಷ್ಟೋ ಜನರಿಗೆ ಎರಡು ಭುಜ ಒಂದೇ ಮಟ್ಟದಲ್ಲಿ ಇರೋದಿಲ್ಲ. ನೀವು ಮೇಜಿನ ಮೇಲೆ ಎರಡೂ ತೋಳು ಅಚ್ಚುಕಟ್ಟಾಗಿ ಸಮ ಮಾಡಿ ಕೊಟ್ಟಿದ್ದು ಅವರ ಮೈಮೇಲೆ ಸಮ ಕೂರೋದೇ ಇಲ್ಲ. ಸರಿಪಡಿಸೋಕೆ ಜಾಗ ಇರುವ ಬ್ಲೌಸೇ ನಮ್ಮ ಕಸುಬಿನಲ್ಲಿ ಒಳ್ಳೆ ಬ್ಲೌಸು.

---

ನಿಟ್ಟುವಳ್ಳಿ ಹೊಲಿಗೆ

ಅಣ್ಣಾ, ನಿಮ್ಮ ಉತ್ತರ ಓದಿ ಎದ್ದು ಹೋಗಿ ಕಪಾಟು ತೆಗೆದೆ. ಅರ್ಧಕ್ಕೆ ನಿಲ್ಲಿಸಿದ ಒಂದು ಮೆರೂನ್ ರೇಷ್ಮೆ ಬ್ಲೌಸ್ ಇತ್ತು, ಕುತ್ತಿಗೆ ಮೂರು ಸಲ ಬಿಚ್ಚಿದ್ದು. ಬಲ್ಬಿಗೆ ಹಿಡಿದು ನೋಡಿದೆ. ಕುತ್ತಿಗೆ ಸುತ್ತ ಮೂರು ಸಾಲು ಚುಕ್ಕಿ ಚುಕ್ಕಿ ಬೆಳಕು. ಇಷ್ಟು ದಿನ ಅದೇ ಬೆಳಕಿಗೆ ಹಿಡಿದು ಪೈಪಿಂಗ್ ನೋಡುತ್ತಿದ್ದೆ, ಈ ತೂತು ನನಗೆ ಕಂಡೇ ಇರಲಿಲ್ಲ. ತುಂಬಾ ಹೊತ್ತು ಅದನ್ನು ಹಿಡಿದುಕೊಂಡೇ ಕೂತಿದ್ದೆ.

ವಿದ್ಯಾನಗರದ ಅಮ್ಮ, ನಿಮ್ಮ ಮಾತಿನಿಂದ ಬೇಜಾರಿಲ್ಲ. ಆದರೆ ನಿಜ ಹೇಳಬೇಕು ಅಂದರೆ ನನ್ನ ಭಯವೂ ಅದೇ. ಒಂದು ತಪ್ಪು ಬಿಟ್ಟು ಕೊಟ್ಟರೆ ‘ಈಕೆ ಕೈ ಮೊದಲಿನ ಹಾಗಿಲ್ಲ’ ಅನ್ನುತ್ತಾರಲ್ಲ. ಒಬ್ಬರು ಅಂದರೆ ನಾಲ್ಕು ಮನೆಗೆ ಹರಡುತ್ತದೆ.

---

ಮನಸಿನ ಮಾತು (ದಾವಣಗೆರೆ)

ನಾನು ಆಪ್ತ ಸಮಾಲೋಚಕಿ. ಇಲ್ಲಿ ಕೂತು ನಿಮಗೆ ಇಂಥದ್ದೇ ಆಗಿದೆ ಅಂತ ಹೇಳೋಕೆ ಆಗೋದಿಲ್ಲ, ಹೇಳಲೂಬಾರದು. ಆದರೆ ನಿಮ್ಮ ಕೊನೆಯ ಸಾಲು ಓದಿದಾಗ ಒಂದು ವಿಷಯ ನೆನಪಾಯಿತು.

ಕೆನಡಾದ ಮನಶ್ಶಾಸ್ತ್ರಜ್ಞರು ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ 1991ರಲ್ಲಿ ಈ ಹಟವನ್ನು ಮೂರಾಗಿ ಬಿಡಿಸಿ ತೋರಿಸಿದರು. ತನ್ನಲ್ಲಿ ತಪ್ಪಿರಬಾರದು ಅನ್ನೋದು ಒಂದು. ಬೇರೆಯವರಲ್ಲಿ ತಪ್ಪಿರಬಾರದು ಅನ್ನೋದು ಇನ್ನೊಂದು. ಮೂರನೆಯದು, ‘ಎಲ್ಲರೂ ನನ್ನಿಂದ ತಪ್ಪೇ ಇಲ್ಲದ್ದನ್ನು ಬಯಸುತ್ತಿದ್ದಾರೆ, ಚೂರು ಎಡವಿದರೆ ನನ್ನನ್ನು ದೂರ ತಳ್ಳುತ್ತಾರೆ’ ಅನ್ನೋ ಭಾವನೆ. ಮನಸ್ಸನ್ನು ಹೆಚ್ಚು ಹಿಂಡೋದು ಈ ಮೂರನೆಯದು. ಮುಂದೆ ಥಾಮಸ್ ಕರನ್, ಆಂಡ್ರ್ಯೂ ಹಿಲ್ ಅನ್ನೋ ಇಬ್ಬರು 1989ರಿಂದ 2016ರವರೆಗೆ ಅಮೆರಿಕ, ಕೆನಡಾ, ಬ್ರಿಟನ್ನಿನ 41,641 ಕಾಲೇಜು ವಿದ್ಯಾರ್ಥಿಗಳ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮೂರೂ ಏರಿದ್ದವು, ಎಲ್ಲಕ್ಕಿಂತ ಜಾಸ್ತಿ ಏರಿದ್ದು ಈ ಮೂರನೆಯದೇ. ಅದು ಅಲ್ಲಿಯ ಹುಡುಗರ ಲೆಕ್ಕ, ನಮ್ಮೂರಿನದಲ್ಲ. ಆದರೆ ನನ್ನ ಮುಂದೆ ಬಂದು ಕೂರುವವರ ಬಾಯಲ್ಲಿ ನಾನು ಕೇಳುವ ಮಾತೂ ಇದೇ: ‘ಜನ ಏನಂತಾರೆ’.

ನಿಮ್ಮ ಕಥೆಯಲ್ಲಿ ಜನ ಏನಂದರು ಅಂತ ಒಮ್ಮೆ ನೋಡಿ. ಆ ಹುಡುಗಿ ‘ಚೆನ್ನಾಗೇ ಇದೆಯಲ್ಲಾ’ ಅಂದಳು. ನಿಮ್ಮ ತಲೆಯೊಳಗಿನ ಗ್ರಾಹಕಿಗೂ ಬಾಗಿಲಿಗೆ ಬರುವ ಗ್ರಾಹಕಿಗೂ ಅಷ್ಟು ವ್ಯತ್ಯಾಸ ಇದೆ. ಇದನ್ನು ಬಾಯಿ ಮಾತಲ್ಲಿ ಹೇಳಿದರೆ ಮನಸ್ಸು ನಂಬೋದಿಲ್ಲ, ಅದಕ್ಕೆ ಲೆಕ್ಕ ಬೇಕು. ಒಂದು ನೋಟ್‌ಬುಕ್ ತಗೊಳ್ಳಿ. ಬ್ಲೌಸ್ ಕೊಡೋ ಮುಂಚೆ ನಿಮಗೆ ಕಂಡ ತಪ್ಪು ಬರೆಯಿರಿ, ‘ಅವರು ಹೀಗೆ ಅನ್ನುತ್ತಾರೆ’ ಅಂತ ನಿಮ್ಮ ಭಯವನ್ನೂ ಬರೆಯಿರಿ. ಬಿಚ್ಚದೆ ಕೊಟ್ಟುಬಿಡಿ. ಅವರು ನಿಜವಾಗಿ ಅಂದದ್ದನ್ನು ಪಕ್ಕದಲ್ಲಿ ಬರೆಯಿರಿ. ಮೊದಲು ಮನೆಯಲ್ಲಿ ದಿನಾ ಉಡುವ ಸೀರೆಯ ಬ್ಲೌಸಿನಿಂದ ಶುರು ಮಾಡಿ, ರೇಷ್ಮೆಯಿಂದ ಬೇಡ. ಕೊಟ್ಟ ದಿನ ಕಿರಿಕಿರಿ ಆಗುತ್ತದೆ, ವಾಪಸ್ ಕರೆಯಬೇಕು ಅನ್ನಿಸುತ್ತದೆ. ಅದನ್ನು ಹಾಗೇ ಇರಗೊಡಿ. ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತದೆ.

ಮಗಳ ವಿಷಯಕ್ಕೆ ನಿಮ್ಮನ್ನೇ ಹಳಿದುಕೊಳ್ಳಬೇಡಿ. ಡೊನಾಲ್ಡ್ ವಿನಿಕಾಟ್ ಅಂತ ಬ್ರಿಟನ್ನಿನಲ್ಲಿ ಒಬ್ಬ ಮಕ್ಕಳ ವೈದ್ಯರಿದ್ದರು. ಮಗುವಿಗೆ ‘ಸಾಕಷ್ಟು ಒಳ್ಳೆಯ’ ತಾಯಿ ಇದ್ದರೆ ಸಾಕು ಅಂದರು ಅವರು. ತಾಯಿ ಅಲ್ಲಲ್ಲಿ ಸಣ್ಣದಾಗಿ ತಪ್ಪುತ್ತಾ ಹೋದಾಗಲೇ ಮಗು ಲೋಕಕ್ಕೆ ಹೊಂದಿಕೊಳ್ಳೋದನ್ನು ಕಲಿಯುತ್ತದೆ ಅನ್ನೋದು ಅವರ ಮಾತು. ನಿಮ್ಮ ತಪ್ಪು ಮುಚ್ಚಿಡಬೇಡಿ. ಅವಳ ಎದುರಿಗೇ ಓರೆಯಾದ ಹೊಲಿಗೆಯನ್ನು ತೋರಿಸಿ, ‘ನೋಡು, ಓರೆ ಹೋಯ್ತು, ಇರಲಿ’ ಅಂತ ಬಾಯಿ ಬಿಟ್ಟು ಹೇಳಿ.

ನಿದ್ದೆ, ಊಟ ತಪ್ಪುತ್ತಿದ್ದರೆ, ಎರಡು ವಾರದಿಂದ ಮಷಿನ್ ಮುಟ್ಟದ್ದು ಹೀಗೇ ಮುಂದುವರಿದರೆ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು.

---

ಹೊಸದುರ್ಗದ ಮೇಷ್ಟ್ರು

ಮಗಳ ಬಗ್ಗೆ ಮಾತ್ರ ಬರೆಯುತ್ತೇನೆ, ಹೊಲಿಗೆ ನನಗೆ ಗೊತ್ತಿಲ್ಲ.

ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ತರಗತಿ ತೆಗೆದುಕೊಳ್ಳುತ್ತೇನೆ, ಒಂದರಿಂದ ಮೂರನೇ ತರಗತಿ. ನಲಿ-ಕಲಿ 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ರಾಜ್ಯಕ್ಕೆಲ್ಲಾ ಬಂದದ್ದು. ಅದರಲ್ಲಿ ನನಗೆ ತುಂಬಾ ಇಷ್ಟ ಆದದ್ದು ಎರಡು. ಗೋಡೆಯ ಕೆಳಭಾಗದಲ್ಲಿ, ಮಕ್ಕಳ ಕೈಗೆ ಎಟುಕುವ ಹಾಗೆ, ಕಪ್ಪು ಹಲಗೆ ಇರುತ್ತದೆ. ಮಕ್ಕಳು ಸೀಮೆಸುಣ್ಣದಲ್ಲಿ ಬರೆಯುತ್ತಾರೆ, ಅಂಗೈಯಲ್ಲಿ ಒರೆಸುತ್ತಾರೆ, ಮತ್ತೆ ಬರೆಯುತ್ತಾರೆ. ಅಲ್ಲಿ ಹಾಳೆ ತೂತು ಬೀಳೋದಿಲ್ಲ, ತಪ್ಪು ಉಳಿಯೋದಿಲ್ಲ. ಹಾಗಾಗಿ ಯಾರಿಗೂ ಹೆದರಿಕೆ ಇಲ್ಲ. ಇನ್ನೊಂದು ಚಪ್ಪರ. ತಲೆ ಮೇಲೆ ದಾರ ಕಟ್ಟಿ ಮಕ್ಕಳು ಮಾಡಿದ ಚಿತ್ರ, ಬರಹ ನೇತು ಹಾಕುತ್ತೇವೆ. ಚೆನ್ನಾಗಿರೋದನ್ನು ಆರಿಸಿ ಹಾಕೋದಿಲ್ಲ, ಎಲ್ಲರದ್ದೂ ಹಾಕುತ್ತೇವೆ. ನನ್ನ ತರಗತಿಯ ಒಂದು ಮಗು ಆನೆಗೆ ಐದು ಕಾಲು ಬರೆದಿತ್ತು. ಅದೂ ಚಪ್ಪರದಲ್ಲಿ ತೂಗುತ್ತಿದೆ. ಮನೆಯವರು ಬಂದಾಗ ಅವನು ಅದನ್ನೇ ಬೆರಳು ಮಾಡಿ ತೋರಿಸುತ್ತಾನೆ.

ಮನೆಯಲ್ಲಿ ಹೀಗೆ ಮಾಡಿ. ಒಂದು ಸ್ಲೇಟು ಕೊಡಿಸಿ, ಅಕ್ಷರ ತಿದ್ದೋದೆಲ್ಲಾ ಅದರಲ್ಲಿ ಆಗಲಿ. ಕಾಪಿ ಬರೆಯುವಾಗ ರಬ್ಬರ್ ನಿಮ್ಮ ಹತ್ತಿರ ಇರಲಿ. ತಪ್ಪಿದರೆ ಅದರ ಮೇಲೆ ಒಂದೇ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಲಿ. ಅವರ ಟೀಚರಿಗೂ ಒಂದು ಮಾತು ಹೇಳಿ, ಇಲ್ಲಾಂದ್ರೆ ಅಲ್ಲಿ ಗೆರೆ ಕಂಡು ಬೈದರೆ ನಿಮ್ಮ ಕಷ್ಟವೆಲ್ಲಾ ನೀರಿಗೆ ಹೋಗುತ್ತದೆ. ಆಮೇಲೆ ಅವಳು ಬರೆದದ್ದನ್ನು ನೋಡಿದಾಗ ‘ಎಷ್ಟು ಚೆಂದ ಬರೆದಿದ್ದೀಯ’ ಅನ್ನೋದನ್ನು ಕಮ್ಮಿ ಮಾಡಿ. ಏನು ಬರೆದಿದ್ದಾಳೋ ಅದರ ಬಗ್ಗೆ ಕೇಳಿ. ಹೊಗಳಿಕೆಯೂ ಮಕ್ಕಳ ತಲೆ ಮೇಲೆ ಭಾರ ಆಗುತ್ತದೆ. ನಿಮಗೂ ಹಾಗೇ ಆಗಿರಬಹುದು ಅಂತ ನನ್ನ ಅನುಮಾನ.

---

ಮಗ್ಗದ ಮನೆ (ಮೊಳಕಾಲ್ಮೂರು)

ಅಕ್ಕಾ, ಒಂದೇ ಒಂದು ವಿಷಯ ಹೇಳಿ ಹೋಗುತ್ತೇನೆ. ನಮ್ಮಪ್ಪ ರೇಷ್ಮೆ ಸೀರೆ ನೇಯುತ್ತಾರೆ, ಗುಂಡಿ ಮಗ್ಗ. ಹಾಸಿನಲ್ಲಿ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ನೂಲಿನಲ್ಲಿ, ಸಾವಿರಾರು ಎಳೆ ಇರುತ್ತವೆ. ನೇಯುವಾಗ ಎಳೆ ಹರಿಯೋದು ದಿನದ ಮಾತು. ಹರಿದ ತಕ್ಷಣ ಅಪ್ಪ ಮಗ್ಗ ನಿಲ್ಲಿಸುತ್ತಾರೆ, ತಲೆ ಬಗ್ಗಿಸಿ ಹರಿದ ಎರಡು ತುದಿ ಹುಡುಕುತ್ತಾರೆ, ಬೆರಳಲ್ಲಿ ಹೊಸೆದು ಗಂಟು ಹಾಕಿ ಮತ್ತೆ ಲಾಳಿ ಎಸೆಯುತ್ತಾರೆ. ಇಡೀ ಸೀರೆ ಬಿಚ್ಚೋಕೆ ಹೋದರೆ ಅದು ನೂಲೂ ಆಗೋದಿಲ್ಲ, ಸೀರೆಯೂ ಆಗೋದಿಲ್ಲ. ಚಿಕ್ಕವಳಿದ್ದಾಗ ನಾನು ಸೀರೆಯ ಒಳಮೈ ಮೇಲೆ ಕೈ ಆಡಿಸಿ ಆ ಗಂಟು ಹುಡುಕುತ್ತಿದ್ದೆ. ಕಣ್ಣಿಗೆ ಕಾಣೋದಿಲ್ಲ, ಬೆರಳಿಗೆ ಸಿಗುತ್ತದೆ, ಸಾಸಿವೆಗಿಂತ ಸಣ್ಣದು. ‘ಇಲ್ಲಿ ಹರಿದಿತ್ತಾ ಅಪ್ಪಾ?’ ಅಂದರೆ ‘ಹೂಂ, ಅವತ್ತು ಮಳೆ ಬರ್ತಿತ್ತು’ ಅಂತ ನೆನಪು ಮಾಡಿಕೊಳ್ಳುತ್ತಿದ್ದರು.

ನೀವು ಹೊಲಿಯುವ ರೇಷ್ಮೆ ನಿಮ್ಮ ಕೈಗೆ ಬರುವ ಹೊತ್ತಿಗೇ ಅದರಲ್ಲಿ ಅಂಥ ಗಂಟುಗಳು ಇರುತ್ತವೆ ಅಕ್ಕಾ.

---

ನಿಟ್ಟುವಳ್ಳಿ ಹೊಲಿಗೆ

ಹದಿನೆಂಟು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲರೂ ಇಷ್ಟು ಸಮಯ ಕೊಟ್ಟು ಬರೆದಿದ್ದೀರಿ, ಏನಾಯ್ತು ಅಂತ ಹೇಳದಿದ್ದರೆ ತಪ್ಪಾಗುತ್ತದೆ.

11ರಲ್ಲಿ 8 ಕೊಟ್ಟಿದ್ದೇನೆ. ಗೋಡೆಗೆ ಮೊಳೆ ಹೊಡೆದು ನೇತು ಹಾಕಿದೆ. ಮಷಿನ್ ರೂಮಿನಲ್ಲಿ ಒಂದು ಮಾರು ಜಾಗ ಇಲ್ಲ, ಅದಕ್ಕೆ ಬಾಗಿಲ ಆಚೆ ನಡುಮನೆಯಲ್ಲಿ ನಿಂತು ನೋಡುತ್ತೇನೆ. ನೋಟ್‌ಬುಕ್ಕೂ ಇಟ್ಟಿದ್ದೇನೆ. ಮೊದಲನೆಯದು ಒಬ್ಬ ಟೀಚರ್ ಅವರ ಕಾಟನ್ ಬ್ಲೌಸ್. ನಾನು ಬರೆದದ್ದು: ‘ಬಲಗಡೆ ಪೈಪಿಂಗ್ ದಪ್ಪ. ಬಂದ ತಕ್ಷಣ ಕೇಳುತ್ತಾರೆ.’ ಅವರು ಅಂದದ್ದು: ‘ಚಿಲ್ಲರೆ ಇದೆಯಾ?’ ಅಷ್ಟೇ. ಆ ರಾತ್ರಿ ಎರಡು ಸಲ ಫೋನ್ ಕೈಗೆ ತಗೊಂಡೆ, ವಾಪಸ್ ತನ್ನಿ ಸರಿ ಮಾಡಿಕೊಡುತ್ತೇನೆ ಅನ್ನೋಕೆ. ಮಾಡಲಿಲ್ಲ. ಬೆಳಿಗ್ಗೆ ಎದ್ದಾಗ ಅಷ್ಟು ಇರಲಿಲ್ಲ.

ನಾಲ್ಕನೆಯದಕ್ಕೆ ನಾನು ‘ಹುಕ್ಕಿನ ಸಾಲು ಓರೆ’ ಅಂತ ಬರೆದಿದ್ದೆ. ಅವರು ಹುಕ್ಕಿನ ಮಾತೇ ಎತ್ತಲಿಲ್ಲ, ‘ತೋಳು ಸ್ವಲ್ಪ ಬಿಗಿ’ ಅಂದರು. ನನಗೆ ಅದು ಗೊತ್ತೇ ಆಗಿರಲಿಲ್ಲ. ಮಾರ್ಜಿನ್ ಇತ್ತು, ಅವರು ಟೀ ಕುಡಿದು ಮುಗಿಸೋ ಹೊತ್ತಿಗೆ ಬಿಟ್ಟುಕೊಟ್ಟೆ.

ಎಲ್ಲಾ ಚೆನ್ನಾಗೇ ಆಯಿತು ಅಂತ ಇಲ್ಲ. ಒಬ್ಬರು ಬಂದು, ಇಷ್ಟು ದಿನ ಕಾಯಿಸಿದ್ದಕ್ಕೆ ಬೈದು, ಕತ್ತರಿಸದ ಪೀಸ್ ವಾಪಸ್ ತಗೊಂಡು ಹೋದರು. ಆರು ವರ್ಷದ ಗಿರಾಕಿ. ಅದು ನೋವಾಯಿತು, ಇನ್ನೂ ಇದೆ. ಆ ಮೆರೂನ್ ರೇಷ್ಮೆಯ ವಿಷಯವನ್ನೂ ಅದನ್ನು ಕೊಟ್ಟವರ ಎದುರು ಕೂತು ಹೇಳಿದೆ, ನನ್ನ ಕೈಯಿಂದ ಹೀಗಾಗಿದೆ ಅಂತ ಬೆಳಕಿಗೆ ಹಿಡಿದು ತೋರಿಸಿದೆ. ಅವರು ಕುತ್ತಿಗೆ ಸುತ್ತ ತೆಳು ಜರಿ ಪಟ್ಟಿ ಕೂರಿಸಿ ಅಂದರು. ನಾನು ಮಜೂರಿ ತಗೊಳ್ಳಲಿಲ್ಲ.

ಮಗಳಿಗೆ ಸ್ಲೇಟು ತಂದಿದ್ದೇನೆ. ಮೊದಲ ದಿನ ಗೆರೆ ಎಳೆಯೋಕೆ ಅತ್ತಳು. ‘ಗಲೀಜು ಕಾಣುತ್ತೆ ಅಮ್ಮಾ’ ಅಂದಳು. ನಾನು ನನ್ನ ಅಳತೆ ಪುಸ್ತಕ ತೆಗೆದು ತೋರಿಸಿದೆ, ಅದರಲ್ಲಿ ಹೊಡೆದು ಹಾಕಿದ ಅಂಕಿಗಳೇ ತುಂಬಿವೆ. ಅದನ್ನು ತುಂಬಾ ಹೊತ್ತು ನೋಡಿದಳು. ಈಗ ಎಳೆಯುತ್ತಾಳೆ, ಸ್ಕೇಲ್ ಇಟ್ಟು ನೇರವಾಗಿ ಎಳೆಯುತ್ತಾಳೆ. ಸದ್ಯಕ್ಕೆ ಅಷ್ಟಿರಲಿ.

ಇನ್ನು ಆ ಹಸಿರು ಬ್ಲೌಸ್. ಹುಡುಗಿಗೆ ಹೆಣ್ಣು ಮಗು ಆಗಿದೆ. ನೋಡಿಕೊಂಡು ಬರೋಕೆ ಹೋದೆ. ಸೀಮಂತದ ದಿನದ ಬಗ್ಗೆ ಕ್ಷಮೆ ಕೇಳಿದೆ, ಅವತ್ತು ಕೇಳೋಕೂ ಆಗಿರಲಿಲ್ಲ. ಅವಳು ನಕ್ಕು, ಒಳಗಿಂದ ಅದನ್ನೇ ತಂದು ಕೊಟ್ಟಳು. ಭಾನುವಾರ ನಾಮಕರಣ, ಅವತ್ತು ಅದೇ ಸೀರೆ ಉಡಬೇಕಂತೆ, ಎದೆಯ ಹತ್ತಿರ ಬಿಗಿ ಆಗಿದೆಯಂತೆ. ಈಗ ನನ್ನ ಮೇಜಿನ ಮೇಲಿದೆ. ಎಡ ತೋಳಿನ ಸುತ್ತ ನೀವು ಹೇಳಿದ ಹಾಗೇ ತೂತಿನ ಸಾಲು ಇದೆ ಅಣ್ಣಾ, ಒಂದು ಕಡೆ ಎಳೆ ಜಾರೋಕೆ ಶುರುವಾಗಿದೆ. ಏನು ಮಾಡಲಿ?

---

ದುರ್ಗದ ಟೈಲರ್

ಗಾಬರಿ ಬೇಡ ತಾಯಿ. ತೋಳಿನ ಹೊಲಿಗೆಯನ್ನು ಎರಡು ದಾರದಷ್ಟು ಒಳಗೆ ಹಾಕಿ, ತೂತಿನ ಸಾಲೆಲ್ಲಾ ಮಾರ್ಜಿನ್ ಒಳಗೆ ಹೋಗಿಬಿಡುತ್ತದೆ. ಎಳೆ ಜಾರುವ ಕಡೆ ಒಳಗಿನಿಂದ ಲೈನಿಂಗ್ ಬಟ್ಟೆಯ ಒಂದು ಸಣ್ಣ ತುಂಡು ಇಟ್ಟು ಸೇರಿಸಿ ಹೊಲಿಯಿರಿ, ಹಿಡಿದುಕೊಳ್ಳುತ್ತದೆ. ತೋಳು ಒಂಚೂರು ಬಿಗಿ ಆಗುತ್ತದೆ, ಅದಕ್ಕೆ ಪಕ್ಕದಲ್ಲಿ ಎರಡೂ ಕಡೆ ಅರ್ಧ ಅರ್ಧ ಇಂಚು ಬಿಡಿ, ಎದೆಯೂ ಸಡಿಲ ಆಗುತ್ತದೆ. ಪಕ್ಕ ಬಿಟ್ಟ ಜಾಗದಲ್ಲಿ ಹಳೇ ಹೊಲಿಗೆಯ ಗುರುತು ಕಾಣುತ್ತದೆ. ಅದು ಕೈ ಕೆಳಗೆ ಬರುತ್ತದೆ, ಎಡಗಡೆಯದನ್ನು ಸೆರಗು ಮುಚ್ಚುತ್ತದೆ. ಬಲಗಡೆ ಸ್ವಲ್ಪ ಕಂಡರೂ ಕಾಣಲಿ.

ಹೊಸ ಸೂಜಿ ಹಾಕಿ, ಸಣ್ಣ ನಂಬರಿನದು. ಒಂದೇ ಸಲ ಹೊಲಿಯಿರಿ.

---

ನಿಟ್ಟುವಳ್ಳಿ ಹೊಲಿಗೆ

ಹೊಲಿದೆ. ಒಂದೇ ಸಲ. ಬಲಗಡೆ ಗುರುತು ಕಾಣುತ್ತದೆ. ಶನಿವಾರ ಅವರ ತಮ್ಮ ಬೈಕಿನಲ್ಲಿ ಬಂದ, ಅವನು ಗಾಡಿ ಸ್ಟ್ಯಾಂಡ್ ಹಾಕೋ ಮುಂಚೆಯೇ ತಗೊಂಡು ಹೋಗಿ ಕೈಗೆ ಕೊಟ್ಟೆ.